ಜುಟ್ಟು ಎದ್ದಿದೆ ಅಂತ ಅಸೀಲ್ ಹುಂಜವನ್ನು ಪ್ರದರ್ಶನದಿಂದ ಕೈಬಿಟ್ಟರು, ತಳಿ ಸರಿ ಮಾಡುವುದು ಹೇಗೆ?

ಜಮಖಂಡಿ_ಹುಂಜ · ನವೆಂಬರ್ 9

ಎಲ್ಲರಿಗೂ ನಮಸ್ಕಾರ. ಐದು ವರ್ಷದಿಂದ ಅಸೀಲ್ ತಳಿಯ ಕೋಳಿ ಸಾಕುತ್ತಿದ್ದೇನೆ. ಜಮಖಂಡಿ ಹತ್ತಿರ ಹೊಲದಲ್ಲೇ ಮನೆ. ಈಗ ಇರುವುದು ಒಂದು ಹುಂಜ, ನಾಲ್ಕು ಹೇಂಟೆ, ಈ ಸಲದ 23 ಮರಿಗಳು.

ಹೋದ ವಾರ ಒಂದು ಕೋಳಿ ಪ್ರದರ್ಶನಕ್ಕೆ ಹುಂಜ ಒಯ್ದಿದ್ದೆ. ಕೆಂಪ ಅಂತ ಕರೆಯುತ್ತೇವೆ. ಎರಡು ವರ್ಷದ ಹಕ್ಕಿ, 4 ಕೆಜಿ 300 ಗ್ರಾಂ. ಎದೆ ಅಗಲ, ಕುತ್ತಿಗೆ ನೆಟ್ಟಗೆ, ಕಾಲು ಕಂಬದ ಹಾಗೆ. ತೀರ್ಪುಗಾರರು ಬಂದರು, ಪಂಜರದೊಳಗೆ ಕೈ ಹಾಕಿ ಜುಟ್ಟು ಮುಟ್ಟಿದರು. "ಜುಟ್ಟು ಎದ್ದಿದೆ, ಬೆರಕೆ ಇದೆ" ಅಂದು ಮುಂದಿನ ಪಂಜರಕ್ಕೆ ಹೋದರು. ಒಂದು ನಿಮಿಷವೂ ಆಗಲಿಲ್ಲ. ಒಂದು ವರ್ಷ ತಯಾರಿ ಮಾಡಿದ್ದೆ. ಬಹಳ ಬೇಜಾರಾಯಿತು.

ನನ್ನ ಹುಂಜಕ್ಕೆ ಮೂರು ಸಾಲಿನ ಜುಟ್ಟೇ ಇದೆ. ಸ್ವಲ್ಪ ಎತ್ತರ, ಅಷ್ಟೇ. ಅದಕ್ಕೆ ಬೆರಕೆ ಅನ್ನಬಹುದಾ? ಹೊಸ ಹುಂಜ ತರಲಾ, ಇದರಲ್ಲೇ ಸರಿ ಮಾಡಲಾ?

ಇನ್ನೊಂದು ಮಾತು. ಈ 23 ಮರಿಗಳಲ್ಲಿ 6ಕ್ಕೆ ಜವಾರಿ, ಅಂದರೆ ನಾಟಿ ಕೋಳಿಯ ಹಾಗೆ ಗರಗಸದ ಜುಟ್ಟು ಬಂದಿದೆ. ಇದು ಯಾಕೆ?

ಗೋಕಾಕ_ನೀರು · ನವೆಂಬರ್ 9

ತೀರ್ಪುಗಾರರು ಅವಸರ ಮಾಡಿದ್ದಾರೆ. ಇಷ್ಟು ಒಳ್ಳೆ ಹುಂಜವನ್ನು ಜುಟ್ಟಿಗೋಸ್ಕರ ಬಿಡುವುದಾ? ಅಸೀಲ್ ಅಂದರೆ ಮೈಕಟ್ಟು.

ಇಂಡಿ_ಲಿಂಬೆತೋಟ · ನವೆಂಬರ್ 9

ನಾನು ಒಪ್ಪುವುದಿಲ್ಲ. ಮೈಕಟ್ಟು ಮೊದಲು, ಸರಿ. ಆದರೆ ಜುಟ್ಟು ತಳಿಯ ಗುರುತು. ಅಸೀಲ್‌ಗೆ ಜುಟ್ಟು ತಲೆಗೆ ಅಂಟಿಕೊಂಡಿರಬೇಕು, ಗದ್ದದ ಕೆಳಗಿನ ಜೋಲು ಇದ್ದೂ ಇಲ್ಲದ ಹಾಗಿರಬೇಕು. ಅಣ್ಣಾ, ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. 23ರಲ್ಲಿ 6 ಗರಗಸದ ಜುಟ್ಟು ಅಂದರೆ ಸುಮ್ನೆ ಬಂದಿದ್ದಲ್ಲ.

ಜಮಖಂಡಿ_ಹುಂಜ · ನವೆಂಬರ್ 9

ತಂದೆ ತಾಯಿ ಎರಡಕ್ಕೂ ಮೂರು ಸಾಲಿನ ಜುಟ್ಟು ಇರುವಾಗ ಮರಿಗೆ ಎಲ್ಲಿಂದ ಬಂತು?

ಅಥಣಿ_ಪಶುವೈದ್ಯ · ನವೆಂಬರ್ 10

ಈ ಲೆಕ್ಕ ನೂರು ವರ್ಷಕ್ಕಿಂತ ಹಳೆಯದು. ಮೆಂಡೆಲ್ ಬಟಾಣಿ ಗಿಡದಲ್ಲಿ ಕಂಡ ನಿಯಮ ಪ್ರಾಣಿಗಳಲ್ಲೂ ನಡೆಯುತ್ತದೆ ಅಂತ 1902ರಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ತೋರಿಸಿದ್ದು ಕೋಳಿಯ ಜುಟ್ಟು ಇಟ್ಟುಕೊಂಡೇ.

ಪ್ರತಿ ಮರಿಗೂ ಜುಟ್ಟಿನ ವಿಷಯದಲ್ಲಿ ತಂದೆಯಿಂದ ಒಂದು ಪಾಲು, ತಾಯಿಯಿಂದ ಒಂದು ಪಾಲು ಬರುತ್ತದೆ. ಎರಡೂ ಪಾಲು ಮೂರು ಸಾಲಿನದಾದರೆ ಜುಟ್ಟು ಚಪ್ಪಟೆ, ಗಿಡ್ಡ. ಎರಡೂ ಗರಗಸದ್ದಾದರೆ ಜವಾರಿ ಜುಟ್ಟು. ಒಂದೊಂದು ಬಂದರೆ ಮೂರು ಸಾಲೇ ಕಾಣುತ್ತದೆ, ಆದರೆ ನಡುವಿನ ಸಾಲು ಎತ್ತರ ಬೆಳೆಯುತ್ತದೆ, ಸ್ವಲ್ಪ ವಕ್ರವೂ ಆಗಬಹುದು. ತೀರ್ಪುಗಾರರು ಬೆರಳಿನಲ್ಲಿ ಮುಟ್ಟಿ ನೋಡಿದ್ದು ಅದನ್ನೇ. ಜುಟ್ಟು ಗಿಡ್ಡ ಮಾಡುವ ಆ ಪಾಲು ಗದ್ದದ ಜೋಲನ್ನೂ ಚಿಕ್ಕದು ಮಾಡುತ್ತದೆ. ಕೆಂಪನ ಜೋಲು ಹೇಗಿದೆ, ನೋಡಿ ಹೇಳಿ.

ಒಂದೊಂದು ಪಾಲು ಇರುವ ಹುಂಜ, ಒಂದೊಂದು ಪಾಲು ಇರುವ ಹೇಂಟೆ ಕೂಡಿದರೆ ನಾಲ್ಕಕ್ಕೆ ಒಂದು ಮರಿಗೆ ಗರಗಸ ಬರುತ್ತದೆ. ನಿಮ್ಮ 23ಕ್ಕೆ 6 ಹತ್ತಿರ ಹತ್ತಿರ ಅದೇ. ತಳಿಯೊಳಗೆ ಜವಾರಿ ರಕ್ತ ಯಾವಾಗಲೋ ಸೇರಿದೆ. ನೆನಪು ಮಾಡಿಕೊಳ್ಳಿ.

ಜಮಖಂಡಿ_ಹುಂಜ · ನವೆಂಬರ್ 10

ಸರ್, ನಿಮ್ಮ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಗೂಡಿನ ಗೋಡೆ ಬಿದ್ದಿತ್ತು. ಎರಡು ತಿಂಗಳು ಕೋಳಿಗಳನ್ನು ಹೊರಗೇ ಬಿಟ್ಟಿದ್ದೆ. ಪಕ್ಕದ ಹೊಲದವರ ಜವಾರಿ ಹುಂಜ ನಮ್ಮ ತಿಪ್ಪೆಯ ಮೇಲೇ ಇರುತ್ತಿತ್ತು. ಕೆಂಪ ಹುಟ್ಟಿದ್ದು ಅದರ ನಂತರ. ಈಗಿನ ನಾಲ್ಕು ಹೇಂಟೆಗಳಲ್ಲಿ ಮೂರು ಕೆಂಪನ ಅಕ್ಕತಂಗಿಯರು. ಒಂದು ಅವುಗಳ ತಾಯಿ. ಅದು ಬನಹಟ್ಟಿಯ ನಮ್ಮ ಕಾಕಾ ಕೊಟ್ಟಿದ್ದು. ಜೋಲು ನೋಡಿದೆ. ಕೆಂಪನಿಗೆ ಹುಣಸೆ ಬೀಜಕ್ಕಿಂತ ದೊಡ್ಡದು. ತಾಯಿಗೆ ಇಲ್ಲವೇ ಇಲ್ಲ.

ಕೃಷ್ಣಾತೀರ · ನವೆಂಬರ್ 10

ತಮ್ಮಾ, ಆ ತಾಯಿ ಹೇಂಟೆಯನ್ನೂ ತೆಗೆದುಬಿಡು. ಒಮ್ಮೆ ಜವಾರಿ ಹುಂಜ ಮುಟ್ಟಿದರೆ ಆ ಹೇಂಟೆಯ ರಕ್ತ ಕೆಟ್ಟ ಹಾಗೆ. ಮುಂದೆ ಯಾವ ಹುಂಜ ಕೂಡಿದರೂ ಬೆರಕೆ ಬರುತ್ತದೆ. ನಮ್ಮ ಕಡೆ ನಾಯಿಗೂ ಹೀಗೇ ಹೇಳುತ್ತಾರೆ.

ಅಥಣಿ_ಪಶುವೈದ್ಯ · ನವೆಂಬರ್ 10

ಕಾಕಾ, ಇದು ಬಹಳ ಜನ ನಂಬಿರುವ ಮಾತು, ಆದರೆ ತಪ್ಪು. ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿಯುತ್ತದೆ. ಅಷ್ಟು ದಿನ ಮೊಟ್ಟೆ ಮರಿಗೆ ಇಡಬಾರದು. ಆಮೇಲೆ ಹಳೆಯ ಹುಂಜದ ಗುರುತೇ ಇರುವುದಿಲ್ಲ. ನಾಯಿಯಲ್ಲೂ ಅಷ್ಟೇ, ಒಂದು ಸೂಲಿನ ಬೆರಕೆ ಮುಂದಿನ ಸೂಲಿಗೆ ಬರುವುದಿಲ್ಲ. ಆ ತಾಯಿ ಹೇಂಟೆ ಇವರ ಮನೆಯ ಬಂಗಾರ. ದಯವಿಟ್ಟು ಮಾರಬೇಡಿ.

ಮುಧೋಳ_ಬೇಟೆ · ನವೆಂಬರ್ 11

ನಾಯಿ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಮುಧೋಳ ನಾಯಿಯ ಚಿತ್ರ ಇರುವ ಅಂಚೆ ಚೀಟಿ 2005ರಲ್ಲಿ ಬಂತು. ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೇ ಇದೆ. ಇಷ್ಟಾದರೂ ಊರೂರಲ್ಲಿ ಯಾವುದೋ ಉದ್ದ ಕಾಲಿನ ನಾಯಿಯನ್ನು ಕೂಡಿಸಿ ಮುಧೋಳ ಅಂತ ಮಾರುವವರು ಇದ್ದಾರೆ. ಮರಿ ಚಿಕ್ಕದಿದ್ದಾಗ ಗೊತ್ತಾಗುವುದಿಲ್ಲ. ತಂದೆ ತಾಯಿ ಎರಡನ್ನೂ ಕಣ್ಣಾರೆ ನೋಡದೆ ನಾನು ಮರಿ ತರುವುದಿಲ್ಲ. ಕೋಳಿಗೂ ಹಾಗೆ ಮಾಡಿ.

ಕೃಷ್ಣಾತೀರ · ನವೆಂಬರ್ 11

ಡಾಕ್ಟರ್ ಹೇಳಿದ್ದು ಹೊಸ ಮಾತು ನನಗೆ. ಇರಲಿ, ಕಲಿತೆ. ಆದರೆ ಒಂದು ಮಾತು ನಾನೂ ಹೇಳುತ್ತೇನೆ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ನಲವತ್ತು ವರ್ಷ ಹೋಗಿದ್ದೇನೆ. ಖಿಲಾರಿ ಎತ್ತು ನೋಡುವಾಗ ನಮ್ಮ ಹಿರಿಯರು ಮೊದಲು ಗೊರಸು ನೋಡುತ್ತಿದ್ದರು, ಆಮೇಲೆ ಕಾಲಿನ ಗೆಣ್ಣು, ಆಮೇಲೆ ಬೆನ್ನು. ಕೋಡು, ಬಣ್ಣ ಕೊನೆಗೆ. ಎತ್ತನ್ನು ಹತ್ತು ಹೆಜ್ಜೆ ನಡೆಸದೆ ದರ ಮಾತಾಡುತ್ತಿರಲಿಲ್ಲ. ಈಗಿನ ಹುಡುಗರು ಕೋಳಿಯ ಫೋಟೊ ನೋಡಿ ದುಡ್ಡು ಕಳಿಸುತ್ತಾರೆ. ಹಕ್ಕಿ ಹೇಗೆ ನಡೆಯುತ್ತದೆ ಅಂತ ಫೋಟೊ ಹೇಳುತ್ತದಾ?

ಬೈಲಹೊಂಗಲ_ಅಕ್ಕ · ನವೆಂಬರ್ 11

ಕಾಕಾ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪುತ್ತೇನೆ. ನಾನು ಆರಿಸುವ ರೀತಿ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ಹಗಲು ದೂರ ಕೂತು ಬರೀ ನೋಡುತ್ತೇನೆ. ಯಾವುದು ನಿಂತಾಗ ಮಂಡಿ ಒಳಗೆ ಬಾಗುತ್ತದೆ, ಯಾವುದರ ಬಾಲ ಒಂದು ಪಕ್ಕಕ್ಕೆ ವಾಲುತ್ತದೆ. ಕೈಯಲ್ಲಿ ಹಿಡಿದರೆ ಬಾಲ ವಾಲಿದ್ದು ಗೊತ್ತೇ ಆಗುವುದಿಲ್ಲ. ಹಿಂದಿನಿಂದ ನಡೆಯುವಾಗಲೇ ನೋಡಬೇಕು.

ರಾತ್ರಿ ಎಂಟರ ಮೇಲೆ ಬ್ಯಾಟರಿ ಹಿಡಿದು ಗೂಡಿಗೆ ಹೋಗುತ್ತೇನೆ. ಆಗ ಹಕ್ಕಿ ಒದ್ದಾಡುವುದಿಲ್ಲ. ಒಂದೊಂದನ್ನೇ ಎತ್ತಿ ತೊಡೆಯ ಮೇಲೆ ಮಲಗಿಸಿಕೊಳ್ಳುತ್ತೇನೆ. ಎದೆಯ ನಡುವಿನ ಮೂಳೆಯ ಮೇಲೆ ಹೆಬ್ಬೆರಳು ಎಳೆದರೆ ಸೊಟ್ಟ ಇದೆಯೋ ನೆಟ್ಟಗಿದೆಯೋ ತಿಳಿಯುತ್ತದೆ. ಎಳೆ ಮರಿಗಳನ್ನು ತೆಳು ಕೋಲಿನ ಮೇಲೆ ಕೂರಿಸಿದರೂ ಅದು ಸೊಟ್ಟಗಾಗುತ್ತದೆ, ಅದಕ್ಕೆ ತಳಿಯನ್ನು ದೂರಬಾರದು. ಆಮೇಲೆ ರೆಕ್ಕೆ ಬಿಡಿಸುತ್ತೇನೆ. ಬೀಸಣಿಗೆಯ ಹಾಗೆ ಗರಿ ಒಂದರ ಮೇಲೊಂದು ಕೂರಬೇಕು. ಹೊರಗಿನ ಗರಿ ಮತ್ತು ಒಳಗಿನ ಗರಿಯ ನಡುವೆ ಕಿಂಡಿ ಬಿದ್ದಿದ್ದರೆ ಆ ಹಕ್ಕಿಯನ್ನು ತಳಿಗೆ ಇಡುವುದಿಲ್ಲ. ಎಷ್ಟೇ ಚೆಂದ ಇದ್ದರೂ ಇಡುವುದಿಲ್ಲ. ಕೊನೆಗೆ ಕಾಲು, ಬೆರಳು. ಬೆರಳಿನ ಸಂದಿಯಲ್ಲಿ ಸಣ್ಣ ಪುಕ್ಕದ ಮೊಳಕೆ ಇರುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕದು. ಕಾಲು ಬೋಳಾಗಿರಬೇಕಾದ ತಳಿಯಲ್ಲಿ ಅದೊಂದಿದ್ದರೆ ಸಾಕು, ಹಕ್ಕಿ ಹೊರಗೆ. ಅದನ್ನು ಕಿತ್ತು ಪ್ರದರ್ಶನಕ್ಕೆ ಒಯ್ಯುವವರನ್ನು ನೋಡಿದ್ದೇನೆ. ಕಿತ್ತರೆ ಪಂಜರದಲ್ಲಿ ಕಾಣುವುದಿಲ್ಲ, ಮುಂದಿನ ವರ್ಷದ ಮರಿಗಳ ಕಾಲಲ್ಲಿ ಕಾಣುತ್ತದೆ.

ಮರಿಗೆ ಎಂಟು ವಾರ ಆದಾಗ ಒಂದು ಸಲ ಈ ಎದ್ದು ಕಾಣುವ ದೋಷ ಇದ್ದವನ್ನು ತೆಗೆಯುತ್ತೇನೆ. ಮೈಕಟ್ಟಿನ ಮಾತು ಒಂದು ವರ್ಷ ತುಂಬುವವರೆಗೆ ಆಡುವುದಿಲ್ಲ. ಅಸೀಲ್ ನಿಧಾನ ಬೆಳೆಯುವ ಹಕ್ಕಿ. ಆರು ತಿಂಗಳಲ್ಲಿ ಪೀಚಾಗಿ ಕಂಡಿದ್ದು ಎರಡನೇ ವರ್ಷ ಎಲ್ಲರಿಗಿಂತ ಚೆನ್ನಾಗಿ ನಿಂತಿದ್ದು ನಮ್ಮ ಮನೆಯಲ್ಲೇ ಇದೆ.

ಗೋಕಾಕ_ನೀರು · ನವೆಂಬರ್ 11

ಅಕ್ಕಾ, ಇದನ್ನು ಬರೆದಿಟ್ಟುಕೊಂಡೆ. ನಾನು ಮೊದಲು ಬರೆದಿದ್ದು ತಪ್ಪಾಯಿತು ಅನಿಸುತ್ತಿದೆ.

ಹೊಸ_ಸದಸ್ಯ_77 · ನವೆಂಬರ್ 11

ಈ ಕೆಂಪ ಕೋಳಿ ಕಾಳಗದ ಕಣಕ್ಕೆ ಬರುತ್ತದಾ? ಒಳ್ಳೆ ದರ ಕೊಡುತ್ತೇನೆ.

ಜಮಖಂಡಿ_ಹುಂಜ · ನವೆಂಬರ್ 11

ಇಲ್ಲ. ಕೇಳಲೂ ಬೇಡಿ.

ಇಂಡಿ_ಲಿಂಬೆತೋಟ · ನವೆಂಬರ್ 11

ಹಕ್ಕಿ ಕಾಳಗ ನಡೆಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಕಾಯ್ದೆ ಹಾಗಿರಲಿ, ಜೂಜಿನವರಿಂದಲೇ ಅಸೀಲ್ ಸಾಕುವವರಿಗೆಲ್ಲ ಕೆಟ್ಟ ಹೆಸರು. ನಮ್ಮ ಮನೆಗೆ ಪೊಲೀಸರು ಬಂದು ಹೋಗಿದ್ದಾರೆ, ಬರೀ ಅಸೀಲ್ ಇದೆ ಅನ್ನುವ ಕಾರಣಕ್ಕೆ. ಈ ವಿಷಯ ಇಲ್ಲಿ ಬೇಡ.

ರಬಕವಿ_ಮಗ್ಗ · ನವೆಂಬರ್ 12

ಒಂದು ಪ್ರಶ್ನೆ. ತಳಿ ಹೀಗೇ ಇರಬೇಕು ಅನ್ನುವುದಕ್ಕೆ ಯಾವ ಸ್ಟ್ಯಾಂಡರ್ಡ್ ಹಿಡಿಯುವುದು? ತಮಿಳುನಾಡಿನ ಕಡೆ ಗಿಳಿಮೂಗು, ಉದ್ದ ಬಾಲ, ಮುತ್ತಿನ ಹಾಗೆ ಬಿಳಿ ಕಣ್ಣು ಕೇಳುತ್ತಾರೆ. ಅಮೆರಿಕದವರ ಸ್ಟ್ಯಾಂಡರ್ಡ್ ಪುಸ್ತಕದಲ್ಲಿ ಅಸೀಲ್ ಸೇರಿದ್ದು 1981ರಲ್ಲಿ. ಅವರದು ಬೇರೆ. ನಮ್ಮ ತಳಿಗೆ ಅವರ ಪುಸ್ತಕ ಯಾಕೆ ಬೇಕು?

ಬೈಲಹೊಂಗಲ_ಅಕ್ಕ · ನವೆಂಬರ್ 12

ಯಾವುದಾದರೂ ಒಂದು ಹಿಡಿಯಿರಿ, ಆದರೆ ಒಂದೇ ಹಿಡಿಯಿರಿ. ಗಿಳಿಮೂಗಿನ ಉದ್ದ ಬಾಲದ ಹಕ್ಕಿಯನ್ನೂ ಗಿಡ್ಡ ಬಾಲದ ಹಳೆ ರೀತಿಯ ಹಕ್ಕಿಯನ್ನೂ ಕೂಡಿಸಿ ಎರಡೂ ಅಲ್ಲದ ಮರಿ ಮಾಡಿದವರು ಜಾಸ್ತಿ ಇದ್ದಾರೆ. ಬಾಲ ಅರ್ಧಕ್ಕೆ ನಿಲ್ಲುತ್ತದೆ, ಮೂಗು ಬಾಗುವುದಿಲ್ಲ. ಎರಡೂ ಕಡೆ ಬಹುಮಾನ ಇಲ್ಲ.

ರಬಕವಿ_ಮಗ್ಗ · ನವೆಂಬರ್ 12

ಬಣ್ಣ?

ಬೈಲಹೊಂಗಲ_ಅಕ್ಕ · ನವೆಂಬರ್ 12

ಬಣ್ಣ ಕೊನೆಗೆ. ಪೀಲಾ, ಯಾಕೂಬ್, ನೂರಿ, ಕಾಗರ್, ಚಿತ್ತಾ, ಟೀಕರ್, ರೇಜಾ ಅಂತ ಬಣ್ಣಕ್ಕೊಂದು ಹೆಸರಿದೆ. ಎಲ್ಲವೂ ಅಸೀಲೇ. ಕಾಲು ಸೊಟ್ಟ ಇದ್ದರೆ ಯಾವ ಬಣ್ಣ ಇದ್ದು ಏನು?

ತೋಟದ_ಗೂಡು · ನವೆಂಬರ್ 13

ಕಾಲಿನ ಬಣ್ಣದ ಬಗ್ಗೆ ಒಂದು ಅನುಭವ. ಹೋದ ವರ್ಷ ನನ್ನ ಹೇಂಟೆಯ ಕಾಲು ಬಿಳಿಚಿದೆ ಅಂತ ಅಂಕ ಕಳೆದರು. ಹಳದಿ ಕಾಲಿನ ಹಕ್ಕಿ ಅದು. ತಳಿ ಕೆಟ್ಟಿತು ಅಂದುಕೊಂಡು ಅತ್ತೇಬಿಟ್ಟಿದ್ದೆ. ಆಮೇಲೆ ತಿಳಿಯಿತು. ನಾನು ಬರೀ ಬಿಳಿಜೋಳ ಹಾಕುತ್ತಿದ್ದೆ. ಹಳದಿ ಬಣ್ಣ ಮೇವಿನಿಂದ ಬರಬೇಕು, ಬಿಳಿಜೋಳದಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ಜೊತೆಗೆ ಅದು ಮೊಟ್ಟೆ ಇಡುವ ಹೇಂಟೆ. ಕಾಲಿನಲ್ಲಿದ್ದ ಹಳದಿ ಮೊಟ್ಟೆಯ ಹಳದಿಗೆ ಹೋಗುತ್ತದೆ. ಈ ವರ್ಷ ಗೋವಿನಜೋಳ ಮತ್ತು ದಿನಾ ಒಂದು ಹಿಡಿ ಕುದುರೆ ಮೆಂತ್ಯ ಕತ್ತರಿಸಿ ಹಾಕಿದೆ. ಕಾಲು ಅರಿಶಿನದ ಕೊಂಬಿನ ಹಾಗೆ ಆಗಿದೆ.

ಇಂಡಿ_ಲಿಂಬೆತೋಟ · ನವೆಂಬರ್ 13

ಬಿಳಿ ಪುಕ್ಕದ ಹಕ್ಕಿ ಇದ್ದವರು ಗೋವಿನಜೋಳ ಜಾಸ್ತಿ ಹಾಕಬೇಡಿ, ಪುಕ್ಕಕ್ಕೂ ಹಳದಿ ಛಾಯೆ ಬರುತ್ತದೆ. ಶೇಂಗಾ ಹಿಂಡಿ ಹಾಕುವವರು ಬೂಷ್ಟು ಹಿಡಿದಿದ್ದನ್ನು ಹಾಕಲೇಬೇಡಿ. ಅದರ ವಿಷ ಮೊದಲು ಯಕೃತ್ತನ್ನು ಹಿಡಿಯುತ್ತದೆ.

ಅಥಣಿ_ಪಶುವೈದ್ಯ · ನವೆಂಬರ್ 13

ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಕೆಂಪನನ್ನು ಪರೀಕ್ಷೆ ಮಾಡಿ. ಗರಗಸದ ಜುಟ್ಟಿನ ಎರಡು ಮೂರು ಜವಾರಿ ಹೇಂಟೆ ತಂದು ಅದರ ಜೊತೆ ಬೇರೆ ಗೂಡಲ್ಲಿ ಇಡಿ. ಹುಂಜದಲ್ಲಿ ಎರಡೂ ಪಾಲು ಶುದ್ಧ ಇದ್ದರೆ ಎಲ್ಲ ಮರಿಗೂ ಸಾಲಿನ ಜುಟ್ಟೇ ಬರುತ್ತದೆ. ಬೆರಕೆ ಇದ್ದರೆ ಅರ್ಧ ಮರಿಗೆ ಗರಗಸ ಬರುತ್ತದೆ. ಹತ್ತು ಮರಿ ಆಗುವವರೆಗೆ ನೋಡಿ. ಬೆರಕೆ ಹುಂಜ ಹತ್ತರಲ್ಲೂ ತಪ್ಪಿಸಿಕೊಳ್ಳುವ ಸಾಧ್ಯತೆ 1024ಕ್ಕೆ 1. ಮೊಟ್ಟೆಯೊಡೆದ ದಿನವೇ ಜುಟ್ಟಿನ ರೀತಿ ಕಾಣುತ್ತದೆ, ಬೆಳೆಸುವ ಖರ್ಚು ಇಲ್ಲ.

ಜಮಖಂಡಿ_ಹುಂಜ · ಡಿಸೆಂಬರ್ 18

ಪರೀಕ್ಷೆ ಆಯಿತು ಸರ್. ಪಕ್ಕದ ಹೊಲದವರಿಂದ ಎರಡು ಜವಾರಿ ಹೇಂಟೆ ತಂದಿದ್ದೆ. 9 ಮರಿ ಬಂದವು, 4ಕ್ಕೆ ಗರಗಸ. ಕೆಂಪ ಬೆರಕೆ ಅಂತ ಗೊತ್ತಾಯಿತು.

ಬೈಲಹೊಂಗಲ_ಅಕ್ಕ · ಡಿಸೆಂಬರ್ 18

ಒಂದು ನಿಮಿಷ. ಹೇಂಟೆ ತಂದ ಎಷ್ಟು ದಿನಕ್ಕೆ ಮೊಟ್ಟೆ ಕೂಡಿಸಲು ಶುರು ಮಾಡಿದಿರಿ?

ಜಮಖಂಡಿ_ಹುಂಜ · ಡಿಸೆಂಬರ್ 18

ನವೆಂಬರ್ 14ಕ್ಕೆ ತಂದೆ. ಎಂಟು ದಿನ ಬಿಟ್ಟು ಶುರು ಮಾಡಿದೆ.

ಬೈಲಹೊಂಗಲ_ಅಕ್ಕ · ಡಿಸೆಂಬರ್ 18

ಹಾಗಾದರೆ ಈ ಲೆಕ್ಕ ನಿಲ್ಲುವುದಿಲ್ಲ. ಆ ಹೇಂಟೆಗಳು ಅವರ ಮನೆಯ ಹುಂಜದ ಜೊತೆ ಇದ್ದವು. ಎರಡು ಮೂರು ವಾರ ಬೀಜ ಉಳಿಯುತ್ತದೆ ಅಂತ ಡಾಕ್ಟರ್ ಮೊದಲೇ ಬರೆದಿದ್ದಾರೆ. ಆ 4 ಮರಿ ಪಕ್ಕದ ಮನೆಯ ಹುಂಜದ್ದೂ ಇರಬಹುದು.

ಅಥಣಿ_ಪಶುವೈದ್ಯ · ಡಿಸೆಂಬರ್ 18

ಅಕ್ಕನ ಮಾತು ಸರಿ. ಪರೀಕ್ಷೆಯ ದಾರಿ ಹೇಳುವಾಗ ನಾನು ಅದನ್ನು ಮತ್ತೆ ಬರೆಯಬೇಕಿತ್ತು, ನನ್ನದೇ ತಪ್ಪು. ಆದರೆ ಈಗ ಆ ಹೇಂಟೆಗಳು ಐದು ವಾರದಿಂದ ಕೆಂಪನ ಜೊತೆಯೇ ಇವೆ. ಇವತ್ತಿನಿಂದ ಇಡುವ ಮೊಟ್ಟೆ ಕೆಂಪನದೇ. ಇವನ್ನು ಕೂಡಿಸಿ ಕಾವಿಗೆ ಇಡಿ. ನಿಮ್ಮ ಅಸೀಲ್ ಹೇಂಟೆಗಳನ್ನು ಎಲ್ಲ ಹುಂಜಗಳಿಂದ ದೂರ ಇಡಿ. ಬನಹಟ್ಟಿಯ ನಿಮ್ಮ ಕಾಕಾನ ಹತ್ತಿರ ಹಳೆಯ ಹುಂಜ ಇದೆಯಾ?

ಜಮಖಂಡಿ_ಹುಂಜ · ಡಿಸೆಂಬರ್ 19

ಇದೆ. ಐದು ವರ್ಷದ್ದು. ಒಂದು ಕಣ್ಣು ಮಂಜಾಗಿದೆ. ಅದನ್ನೂ ಪರೀಕ್ಷೆ ಮಾಡಲು ಕಾಕಾ ಒಪ್ಪಿದ್ದಾರೆ. ಎರಡು ಜವಾರಿ ಹೇಂಟೆ ತಂದು, ಈ ಸಲ ಪೂರ್ತಿ ಮೂರು ವಾರ ಕಾಯುತ್ತೇವೆ.

ತೋಟದ_ಗೂಡು · ಡಿಸೆಂಬರ್ 19

ಮುದುಕ ಹುಂಜದ ಹಿಂದಿನ ಭಾಗದ ಪುಕ್ಕ ಸ್ವಲ್ಪ ಕತ್ತರಿಸಿ. ಅಸೀಲ್ ಮೈ ಭಾರ, ವಯಸ್ಸೂ ಆಗಿದೆ. ಪುಕ್ಕ ಅಡ್ಡ ಬಂದರೆ ಮೊಟ್ಟೆ ಬರಡಾಗುತ್ತವೆ. ಏಳನೇ ದಿನ ಮೊಟ್ಟೆಗೆ ಬ್ಯಾಟರಿ ಹಿಡಿದು ನೋಡಿ, ಜೇಡರ ಬಲೆಯ ಹಾಗೆ ನರ ಕಂಡರೆ ಜೀವ ಇದೆ.

ಜಮಖಂಡಿ_ಹುಂಜ · ಜನವರಿ 19

ಕೆಂಪನ ಎರಡನೇ ಪರೀಕ್ಷೆ. 10 ಮರಿ. 5 ಗರಗಸ. ಇನ್ನು ಅನುಮಾನ ಇಲ್ಲ.

ಗೋಕಾಕ_ನೀರು · ಜನವರಿ 19

ಬೇಜಾರು ಮಾಡಿಕೊಳ್ಳಬೇಡಿ. ಕೆಂಪನನ್ನು ಏನು ಮಾಡುತ್ತೀರಿ?

ಜಮಖಂಡಿ_ಹುಂಜ · ಜನವರಿ 19

ನನ್ನ ಸ್ವಂತ ಅಕ್ಕನ ಮನೆಗೆ ಕೊಡುತ್ತೇನೆ. ಅಲ್ಲಿ ಬರೀ ಜವಾರಿ ಕೋಳಿ ಇವೆ, ಮಾಂಸಕ್ಕೆ ಸಾಕುತ್ತಾರೆ. ಕೆಂಪನ ಮರಿಗಳು ಮೈ ತುಂಬಿ ಬರುತ್ತವೆ. ನಾನೇ ಬಿಟ್ಟು ಬರುತ್ತೇನೆ. ಆರಿಸುವುದು ಅಂದರೆ ಚೆಂದದ ಹಕ್ಕಿ ಇಟ್ಟುಕೊಳ್ಳುವುದು ಅಂದುಕೊಂಡಿದ್ದೆ. ಇಷ್ಟು ಇಷ್ಟಪಟ್ಟಿದ್ದನ್ನು ಬಿಡಬೇಕಾಗುತ್ತದೆ ಅಂತ ಗೊತ್ತಿರಲಿಲ್ಲ.

ಮುಧೋಳ_ಬೇಟೆ · ಜನವರಿ 20

ಕಾಕಾನ ಹುಂಜ ಶುದ್ಧ ಅಂತಾದರೂ ಅದೇ ಮನೆತನದ ಹೇಂಟೆಗೆ ಕೂಡಿಸಿದರೆ ರಕ್ತ ಹತ್ತಿರ ಆಗುವುದಿಲ್ಲವಾ? ನಾಯಿಯಲ್ಲಿ ನಾವು ಬಹಳ ಹೆದರುತ್ತೇವೆ.

ಅಥಣಿ_ಪಶುವೈದ್ಯ · ಜನವರಿ 20

ಆಗುತ್ತದೆ. ಒಡಹುಟ್ಟಿದವುಗಳನ್ನು ಕೂಡಿಸುವುದನ್ನು ಮೊದಲು ನಿಲ್ಲಿಸಿ. ಇಲ್ಲಿಯವರೆಗೆ ಇವರು ಗೊತ್ತಿಲ್ಲದೆ ಮಾಡಿದ್ದು ಅದೇ. ಹತ್ತಿರದ ಸಂಬಂಧ ಒಂದು ತಲೆಮಾರು ತಡೆಯುತ್ತದೆ. ಬಿಡದೆ ನಡೆದರೆ ಮೊದಲು ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತದೆ, ಆಮೇಲೆ ಮರಿ ಸಾಯುತ್ತವೆ.

ಹೇಂಟೆಗಳನ್ನು ಎರಡು ಮೂರು ಗುಂಪು ಮಾಡಿ. ಹೆಣ್ಣು ಮರಿ ತಾಯಿಯ ಗುಂಪಲ್ಲೇ ಉಳಿಯಲಿ, ಗಂಡು ಮರಿ ಪ್ರತಿ ವರ್ಷ ಮುಂದಿನ ಗುಂಪಿಗೆ ಹೋಗಲಿ. ಯಾವ ಮರಿ ಯಾರದು ಅಂತ ತಿಳಿಯಲು ಹುಟ್ಟಿದ ದಿನವೇ ಕಾಲ್ಬೆರಳ ನಡುವಿನ ಚರ್ಮಕ್ಕೆ ಸಣ್ಣ ತೂತು ಹಾಕುತ್ತಾರೆ. ಎರಡು ಕಾಲು ಸೇರಿ ನಾಲ್ಕು ಜಾಗ, 16 ಬಗೆಯ ಗುರುತು ಆಗುತ್ತದೆ. ಐದಾರು ದಿನಕ್ಕೆ ಕೊಕ್ಕರೆ ರೋಗದ ಹನಿ ಲಸಿಕೆ ಹಾಕುವಾಗ ತೂತು ಮುಚ್ಚಿಕೊಂಡಿದೆಯಾ ನೋಡಿ, ಮುಚ್ಚಿದ್ದರೆ ಮತ್ತೆ ಹಾಕಿ.

ಕೃಷ್ಣಾತೀರ · ಜನವರಿ 21

ಮೊಟ್ಟೆ ಕೂಡಿಸುವುದು ಮಾರ್ಚ್ ಒಳಗೆ ಮುಗಿಸು ತಮ್ಮಾ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ಮೊಟ್ಟೆ ಕಾವಿಗೆ ಇಡುವ ಮೊದಲೇ ಅರ್ಧಂಬರ್ಧ ಬೆಳೆದು ಸಾಯುತ್ತದೆ. ನಮ್ಮ ಅವ್ವ ಮಡಿಕೆಯಲ್ಲಿ ಉಸುಕು ಹಾಕಿ, ಸುತ್ತ ಒದ್ದೆ ಗೋಣಿ ಸುತ್ತಿ, ಚೂಪು ತುದಿ ಕೆಳಗೆ ಮಾಡಿ ಇಡುತ್ತಿದ್ದಳು. ವಾರಕ್ಕಿಂತ ಜಾಸ್ತಿ ಇಡುತ್ತಿರಲಿಲ್ಲ.

ಜಮಖಂಡಿ_ಹುಂಜ · ಫೆಬ್ರುವರಿ 13

ಕಾಕಾನ ಹುಂಜದ ಪರೀಕ್ಷೆ ಮುಗಿಯಿತು. 11 ಮರಿ. ಬುಟ್ಟಿ ಎತ್ತಿ ಒಂದೊಂದನ್ನೇ ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಲ್ಲಿ ನೋಡಿದೆವು. ಕಾಕಾ ಕನ್ನಡಕ ಹಾಕಿಕೊಂಡು ಎರಡು ಸಲ ಎಣಿಸಿದರು. ಹನ್ನೊಂದಕ್ಕೂ ಸಾಲಿನ ಜುಟ್ಟು.

ಹುಂಜವನ್ನು ನಿನ್ನೆ ನಮ್ಮ ಮನೆಗೆ ತಂದೆ. ಹಳೆಯ ತಾಯಿ ಹೇಂಟೆ ಮತ್ತು ಜುಟ್ಟು ಎಲ್ಲಕ್ಕಿಂತ ಗಿಡ್ಡ ಇರುವ ಅದರ ಇಬ್ಬರು ಹೆಣ್ಣುಮಕ್ಕಳನ್ನು ಬೇರೆ ಬೇರೆ ಗೂಡಿನಲ್ಲಿ ಇಟ್ಟಿದ್ದೇನೆ. ದಿನ ಬಿಟ್ಟು ದಿನ ಹುಂಜವನ್ನು ಗೂಡು ಬದಲಿಸುತ್ತೇನೆ. ಬಂದ ದಿನ ಅದು ಮೇವು ಮುಟ್ಟಲಿಲ್ಲ. ಇವತ್ತು ಸಂಜೆ ಒಂದು ಸಜ್ಜೆ ಕಾಳು ಎತ್ತಿ, ಕೆಳಗೆ ಹಾಕಿ, ಕುಕ್ ಕುಕ್ ಅಂತ ಹಳೆಯ ಹೇಂಟೆಯನ್ನು ಕರೆಯಿತು. ಅದು ಬಂದು ತಿಂದಿತು.

ಬೈಲಹೊಂಗಲ_ಅಕ್ಕ · ಫೆಬ್ರುವರಿ 13

ಆ ಹಳೆಯ ಹೇಂಟೆಯ ಪ್ರತಿ ಮೊಟ್ಟೆಗೂ ಪೆನ್ಸಿಲ್‌ನಲ್ಲಿ ತಾರೀಕು ಬರೆಯಿರಿ. ಆರು ಮೊಟ್ಟೆ ನನಗೆ ತೆಗೆದಿಡಿ, ಕಾವಿಗೆ ಕೂತ ಕೋಳಿ ಇಲ್ಲಿ ತಯಾರಿದೆ. ಬಸ್ಸಲ್ಲಿ ಕಳಿಸಬೇಡಿ, ನಾನೇ ಬಂದು ಒಯ್ಯುತ್ತೇನೆ.